ಪಕ್ಕದ ಮನೆಯಾಕೆಯ ಆರು ಬೆಳ್ಳಿ ಚಮಚ

ಹಲ್ಲು ಕೀಳುವವಳಿಗೆ ಬೆಳ್ಳಿಯ ಹುಚ್ಚು ಎಲ್ಲಿಂದ ಹತ್ತಿತು ಎಂದು ಪರ್ತ್‌ನ ನಮ್ಮ ಕನ್ನಡದವರು ಕೇಳುತ್ತಿರುತ್ತಾರೆ. ಮೈಸೂರಿನಲ್ಲಿ ದಂತವೈದ್ಯೆಯಾಗಿದ್ದವಳು ಅಡಿಲೇಡ್‌ಗೆ ಬಂದು, ಇಲ್ಲಿನ ಪರೀಕ್ಷೆ ಪಾಸಾಗುವವರೆಗೆ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಚಮಚ, ಫೋರ್ಕು ವಿಂಗಡಿಸುತ್ತಿದ್ದೆ. ಅಂಗಡಿಯ ಮುದಿ ಯಜಮಾನನೇ ಬೆಳ್ಳಿಯ ಗುರುತು ಓದುವುದನ್ನು ಕಲಿಸಿದ. ಸ್ವೀಡನ್ನಿನ ಚಮಚವನ್ನು ಮಗುಚಿದರೆ ಹಿಂದೆ ಸಾಲಾಗಿ ಪುಟ್ಟ ಮುದ್ರೆಗಳು. ಮೂರು ಕಿರೀಟವಿದ್ದರೆ ಸರ್ಕಾರ ಪರೀಕ್ಷಿಸಿದ್ದು, ಎಸ್ ಅಕ್ಷರವಿದ್ದರೆ ಅಸಲಿ ಬೆಳ್ಳಿ. ಜೊತೆಗೆ ಊರಿನದೊಂದು, ವರ್ಷದ್ದೊಂದು, ಮತ್ತೆ ಮಾಡಿದವನ ಹೆಸರಿನ ಅಕ್ಷರಗಳು. ಆ ಅಕ್ಷರ ಹಾಕುವ ಹಕ್ಕು ಕೂಲಿಯವನಿಗಿಲ್ಲ, ಸ್ವಂತ ಗುರುತು ನೋಂದಾಯಿಸಿಕೊಂಡವನಿಗೆ ಮಾತ್ರ. ಇಷ್ಟು ಹೇಳಿಕೊಟ್ಟು, ಮುದ್ರೆಯ ಮೇಲೆ ಹೊಳಪು ಕೊಡುವ ಯಂತ್ರ ಮಾತ್ರ ಹಚ್ಚಬೇಡ ಎಂದೂ ಹೇಳಿದ್ದ. ಕೇಳಿಸಿಕೊಂಡಿದ್ದೆ.

ಆಮೇಲೆ ಪರ್ತ್‌ನ ಹ್ಯಾರಿಸ್‌ಡೇಲ್‌ಗೆ ಬಂದು ಮನೆ ಮಾಡಿದಾಗ ಪಕ್ಕದಲ್ಲಿ ಎಂಬತ್ತೆಂಟರ ಸ್ವೀಡಿಷ್ ಅಜ್ಜಿ, ಮಗನ ಜೊತೆ. ಬೇಲಿಯಾಚೆಯಿಂದ ಆಕೆ ಹೇಳುತ್ತಿದ್ದುದು ಒಂದೇ ಕಥೆ: ತನ್ನ ಅಪ್ಪ ಬೆಳ್ಳಿ ಕೆಲಸದ ಮೇಸ್ತ್ರಿ, ಆರು ಕಾಫಿ ಚಮಚವನ್ನು ತಾನೇ ಮಾಡಿ ಮಗಳಿಗೆ ಕೊಟ್ಟಿದ್ದ. ಯಾರೂ ನಂಬಿರಲಿಲ್ಲ. ಗಂಡ ಸಾಯುವ ತನಕ ಗೇಲಿ ಮಾಡಿದ. ಮಗನೂ ಅಷ್ಟೇ. “ತಾತ ಬೆಳ್ಳಿ ಅಂಗಡೀಲಿ ಕಸ ಗುಡಿಸ್ತಿದ್ದ. ಅಮ್ಮನಿಗೆ ಬುರುಡೆ ಬಿಟ್ಟಿದ್ದಾನೆ” ಎಂದು ಆಕೆಯ ಎದುರಿಗೇ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

“ನಿನಗೆ ಓದೋಕೆ ಬರುತ್ತಲ್ಲ, ನೋಡಿ ಹೇಳು. ನಾನು ಹೋಗೋದ್ರೊಳಗೆ ಇವನ ಮುಂದೆ ಒಂದ್ಸಲ ಹೇಳಿಬಿಡು,” ಎಂದು ಅಜ್ಜಿ ಒಂದು ದಿನ ಚಮಚಗಳನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಅಪ್ಪನ ಹೆಸರು, ಊರು ಎರಡನ್ನೂ ಕೇಳಿ ಬರೆದುಕೊಂಡೆ.

ಹಲ್ಲು ನೋಡುವ ಭೂತಗನ್ನಡಿಯ ಕನ್ನಡಕ ಹಾಕಿಕೊಂಡು ಅಡುಗೆಮನೆಯ ಮೇಜಿನ ಮೇಲೆ ನೋಡಿದೆ. ಐದು ಚಮಚಗಳಲ್ಲಿ ಮಾಡಿದವನ ಗುರುತು ಸವೆದು ಮಾಯವಾಗಿತ್ತು. ಆರನೆಯದರಲ್ಲಿ ತೆಳ್ಳಗೆ, ಕೂದಲೆಳೆಯಷ್ಟು, ಎರಡು ಅಕ್ಷರ. ಆ ಅಪ್ಪನವೇ! ಊರಿನ ಗುರುತು ಆತನ ಊರಿನದು, ವರ್ಷ ಆಕೆ ಹುಟ್ಟಿದ ವರ್ಷದ ಆಸುಪಾಸಿನದು. ಆಗಲೇ ಬೇಲಿ ಹತ್ತಿರ ಓಡಿಹೋಗಿ ಕೂಗಿ ಹೇಳಬೇಕಿತ್ತು. ಹೇಳಲಿಲ್ಲ. ಶನಿವಾರ ಆಕೆಯ ಹುಟ್ಟುಹಬ್ಬ, ಎಲ್ಲರೆದುರು ಹೇಳಿ ಆ ಮಗನ ಮುಖ ಇಳಿಯುವುದನ್ನು ನೋಡಬೇಕು ಎಂಬ ಚಪಲ ನನಗೆ.

ಊರಿನಿಂದ ಬಂದಿದ್ದ ಅತ್ತೆ ಚಮಚ ನೋಡಿ ಮೂಗು ಮುರಿದರು. “ಏನೇ ಇದು, ಇಷ್ಟು ಕರ್ರಗಿದೆ? ಹೀಗೇ ವಾಪಸ್ ಕೊಡ್ತೀಯಾ? ಬೇರೆಯವ್ರ ಮನೆ ಪಾತ್ರೇನೇ ನಾವು ಖಾಲಿ ಕಳಿಸಲ್ಲ, ಇದು ಬೆಳ್ಳಿ ಬೇರೆ! ಒಂಚೂರು ಹುಣಿಸೆಹಣ್ಣು ಹಾಕಿ ಉಜ್ಜಿ ಕೊಡೇ.”

ಹುಣಿಸೆಹಣ್ಣಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅತ್ತೆಯ ಮೇಲೆ ತಪ್ಪು ಹೊರಿಸಲಾರೆ. ನನಗೆ ಅದು ಸಾಲಲಿಲ್ಲ. ಕ್ಲಿನಿಕ್ಕಿನಲ್ಲಿ ಕಟ್ಟಿಸಿದ ಹಲ್ಲಿಗೆ ಹೊಳಪು ಕೊಡುವ ಚಕ್ರವಿದೆ, ಒತ್ತಿ ಹಿಡಿದರೆ ಕನ್ನಡಿಯಾಗುತ್ತದೆ. ಕೈ ಪಳಗಿದವಳು ನಾನು, ಯಜಮಾನ ಹೇಳಿದ್ದು ಹೊಸಬರಿಗೆ ಎಂದುಕೊಂಡೆ. ಒಂದೊಂದಕ್ಕೆ ಎರಡೇ ನಿಮಿಷ. ಒರೆಸಿ ಮಗುಚಿದೆ. ಕಿರೀಟಗಳು ಮಸುಕಾಗಿ ಉಳಿದಿದ್ದವು, ಊರು, ವರ್ಷವೂ ಇದ್ದವು. ಆ ಎರಡು ಅಕ್ಷರವಿದ್ದ ಜಾಗ ನುಣ್ಣಗಿತ್ತು. ಫೋಟೊ ತೆಗೆದಿದ್ದೆಯಾ ಎಂದು ಕೇಳಬೇಡಿ. ಹೊಳಪು ಬಂದಮೇಲೆ ತೆಗೆದರಾಯಿತು ಎಂದಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ.

ಆದರೂ ಒಂದು ದಾರಿಯಿತ್ತು. ಗುರುತಿತ್ತು, ಕಣ್ಣಾರೆ ಕಂಡಿದ್ದೇನೆ, ನಾನೇ ಕೈಯಾರೆ ಅಳಿಸಿದೆ ಎಂದರೆ ಸಾಕಾಗಿತ್ತು. ಶನಿವಾರದವರೆಗೆ ಅದೇ ಮಾತನ್ನು ಬಾಯಿಪಾಠ ಮಾಡಿದೆ.

“ಇವತ್ತು ಆರ್ವೋ ಬಾರ್ಬಿ, ಬನ್ನಿ” ಎಂದು ಶನಿವಾರ ಮಗ ಮಧ್ಯಾಹ್ನದ ಬಾರ್ಬೆಕ್ಯೂ ಊಟಕ್ಕೆ ಕರೆದ. ಹಿತ್ತಲಲ್ಲಿ ಹತ್ತು ಹನ್ನೆರಡು ಜನ. ಚಮಚ ಬಿಚ್ಚಿಟ್ಟೆ. ಎಲ್ಲರೂ ವಾವ್ ವಾವ್ ಎಂದರು. ಅಜ್ಜಿ ನನ್ನ ಮಣಿಕಟ್ಟು ಹಿಡಿದು ಕೇಳಿದರು: “ಸಿಕ್ತಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೆಳ್ಳಿ ಬಲ್ಲವಳು, ಡಾಕ್ಟರು. “ಬೆಳ್ಳಿ ಅಸಲಿ. ಊರೂ ನಿಮ್ಮದೇ. ಮಾಡಿದವರ ಗುರುತು ಮಾತ್ರ... ಕಾಣಿಸ್ತಿಲ್ಲ,” ಎಂದೆ. ಥೂ! ಕಾಣಿಸ್ತಿಲ್ಲವಂತೆ! ಎಷ್ಟು ಅಚ್ಚುಕಟ್ಟಾಗಿ ಹೇಳಿದೆ.

“ನೋಡಿದ್ಯಾಮ್ಮ? ಎಕ್ಸ್‌ಪರ್ಟೇ ಹೇಳಿದ್ಮೇಲೆ ಮುಗೀತು,” ಎಂದು ಮಗ ಸಾಸೇಜು ತಿರುವಿ ಹಾಕಿದ.

ಜನ ಚದುರಿದ ಮೇಲೆ ಅಜ್ಜಿ ಚಮಚಗಳನ್ನು ಅದೇ ಕರವಸ್ತ್ರದಲ್ಲಿ ಸುತ್ತಿ ನನಗೇ ಕೊಟ್ಟರು. “ನೀನೇ ಇಟ್ಕೊ. ಇಷ್ಟು ಮುತುವರ್ಜಿಯಿಂದ ಇದನ್ನ ಯಾರೂ ನೋಡಿಕೊಂಡಿರಲಿಲ್ಲ.” ನಾನು ಈಸಿಕೊಂಡೆ. ಥ್ಯಾಂಕ್ಸ್ ಅಂದೆ ಕೂಡ. ಅತ್ತೆಗೆ ಖುಷಿಯಾಯಿತು.

ಇದಾಗಿ ಒಂದು ವರ್ಷ. ಅಜ್ಜಿ ಗಟ್ಟಿಯಾಗಿಯೇ ಇದ್ದಾರೆ. ನನ್ನ ಬಾಗಿಲಿಂದ ಅವರ ಬಾಗಿಲಿಗೆ ಮೂವತ್ತು ಹೆಜ್ಜೆಯೂ ಇಲ್ಲ, ಯಾವತ್ತು ಬೇಕಾದರೂ ಹೋಗಿ ಹೇಳಬಹುದು. ಹೋಗಿಲ್ಲ. ಕಳೆದ ತಿಂಗಳು ಬ್ರಿಸ್ಬೇನ್‌ನಿಂದ ಮರಿಮಗಳು ಬಂದಿದ್ದಳು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯಾಚೆ ಆ ಹುಡುಗಿ ಕೇಳಿದಳು: ಅಜ್ಜೀ, ನಿಮ್ಮಪ್ಪ ಬೆಳ್ಳಿ ಸಾಮಾನು ಮಾಡ್ತಿದ್ರಂತೆ, ಹೌದಾ?

“ಇಲ್ಲಮ್ಮ,” ಎಂದರು ಅಜ್ಜಿ. “ಅಂಗಡೀಲಿ ಕೆಲಸಕ್ಕಿದ್ರು, ಅಷ್ಟೇ. ಉಳಿದದ್ದೆಲ್ಲ ಸುಳ್ಳು ಹೇಳಿದ್ರು.”

ಬಕೆಟ್ಟಿನಲ್ಲಿ ಇನ್ನೂ ಬಟ್ಟೆಯಿತ್ತು. ಒಂದೊಂದಾಗಿ ಕೊಡವಿ, ಕ್ಲಿಪ್ಪು ಹಾಕಿ, ಎಲ್ಲ ಮುಗಿಸಿಯೇ ಒಳಗೆ ಬಂದೆ.