ಮೂಗು ಬಿಟ್ಟ ತಪ್ಪಿಗೆ

ಅಮೃತಹಳ್ಳಿಯ ನಮ್ಮ ಮನೆಯ ಹಿತ್ತಲು ತಮ್ಮನ ಪಾಲಿಗೆ ಬಂದದ್ದು. ಅಲ್ಲಿ ಅವನು ಮನೆ ಕಟ್ಟಿಸಲು ಹೊರಟ ಮೇಲೆ ನನ್ನ ಮೂಗು ಕಟ್ಟಿತು. ಗ್ರಾನೈಟನ್ನು ನೀರು ಹಾಕದೆ ಕೊಯ್ಯುತ್ತಿದ್ದರು. ಒಗೆದ ಬಟ್ಟೆ, ತಟ್ಟೆಯ ಅನ್ನ, ದಿಂಬು, ಎಲ್ಲದರ ಮೇಲೂ ಬಿಳಿ ಪುಡಿ. ಮಲಗಿದರೆ ಬಾಯಲ್ಲೇ ಉಸಿರಾಟ, ನಿದ್ದೆಯೆಂಬುದೇ ಇಲ್ಲ. ಜಗಳವಾಡಿದ ಮೇಲೆ ನಮ್ಮ ಕಡೆಗೆ ಧೂಳು ತಡೆಯುವ ಹಸಿರು ಬಲೆ ಕಟ್ಟಿಸಿದ, ಕಲ್ಲಿಗೆ ನೀರು ಬಿಡಿಸಿದ. ಆದರೂ ಮೂಗು ಪೂರ್ತಿ ಬಿಡಲಿಲ್ಲ.

ಡಾಕ್ಟರಮ್ಮ ಅಲರ್ಜಿಯ ಸ್ಪ್ರೇ ಬರೆದುಕೊಟ್ಟರು. ಚಿಕ್ಕಂದಿನಲ್ಲಿ ನೆಗಡಿಯಾದರೆ ಅಜ್ಜಿ ನಮ್ಮನ್ನು ಮಂಚದಂಚಿಗೆ ತಲೆ ಜೋತುಬಿಟ್ಟು ಮಲಗಿಸಿ, ಮೂಗಿಗೆ ಬೆಚ್ಚನೆಯ ತುಪ್ಪ ಬಿಡುತ್ತಿದ್ದಳು. ನಾನೂ ಹಾಗೆಯೇ ಮಲಗಿ ಸ್ಪ್ರೇ ಒತ್ತಿಕೊಂಡೆ. ಔಷಧವೆಲ್ಲ ಗಂಟಲಿಗಿಳಿದು, ಅಯ್ಯಪ್ಪಾ, ಬೇವಿನ ಕಷಾಯದ ಹಾಗೆ ಕಹಿ! ಮೂಗು ಮಾತ್ರ ಕಟ್ಟಿದಂತೆಯೇ ಇತ್ತು. ಸಿಟ್ಟಿನಲ್ಲಿ ಬಾಟಲಿ ಹಿಡಿದು ವಾಪಸ್ ಹೋದೆ.

"ತಲೆ ಹಿಂದಕ್ಕಲ್ಲಮ್ಮಾ, ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಜೋರಾಗಿ ಎಳ್ಕೋಬೇಡಿ," ಎಂದರು ಡಾಕ್ಟರಮ್ಮ.

ಹಾಗೆ ಮಾಡಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮೂಗು ಬಿಟ್ಟಿತು. ಕಾಫಿಯ ವಾಸನೆ ಸಿಕ್ಕಿದ ಖುಷಿಗೆ ಅಳುವೇ ಬಂತು. ಅದೇ ಖುಷಿಯಲ್ಲಿ ತಮ್ಮನಿಗೂ ಹೇಳಿಬಿಟ್ಟೆ.

ಮರುದಿನ ನೋಡಿದರೆ ಬಲೆ ಇಲ್ಲ, ನೀರೂ ಇಲ್ಲ! ಸಂಜೆಯೊಳಗೆ ಮೂಗು ಮತ್ತೆ ಭದ್ರ. ತಮ್ಮನನ್ನು ಕರೆದು ಕೇಳಿದೆ.

"ನಿಂಗೆ ವಾಸಿ ಆಯ್ತಲ್ಲಕ್ಕಾ, ಇನ್ಯಾಕೆ ಬಲೆ? ಹಿಂಗೆ ದಿನಾ ನೀರು ಬಿಟ್ರೆ ಟ್ಯಾಂಕರ್ ಎಲ್ಲಿಂದ ತರ್ಲಿ?" ಎಂದವನು ಜೇಬಿನಿಂದ ಹೊಸ ಸ್ಪ್ರೇ ತೆಗೆದುಕೊಟ್ಟ. "ತಗೋ. ಖಾಲಿಯಾದ್ರೆ ಹೇಳು, ಇನ್ನೊಂದು ತರ್ತೀನಿ."

ಮೈಯೆಲ್ಲ ಉರಿದುಹೋಯಿತು. ಎಂಥಾ ನ್ಯಾಯ ನೋಡಿ! ಧೂಳೆಬ್ಬಿಸುವವನು ಅವನು, ರಿಪೇರಿಯಾಗಬೇಕಾದ್ದು ನನ್ನ ಮೂಗು! ಸ್ಪ್ರೇ ನನ್ನ ಅಲರ್ಜಿಗೆ ಔಷಧವೇ ಹೊರತು ಅವನ ಕಲ್ಲುಪುಡಿಗಲ್ಲ. ಮೂಗು ಬಿಟ್ಟಷ್ಟೂ ಆ ಪುಡಿ ಒಳಗೆ ಸಲೀಸಾಗಿ ಹೋಗಲಿ ಎಂದೇ?

ನಮ್ಮಲ್ಲಿ ಗೃಹಪ್ರವೇಶದ ದಿನ ಹಾಲುಕ್ಕಿಸುವವಳು ಅಕ್ಕ. ಅವಳಿಲ್ಲದೆ ಒಲೆ ಹಚ್ಚುವುದಿಲ್ಲ.

"ಬಲೆ ಕಟ್ಟೋವರ್ಗೂ ನಿನ್ ಹೊಸ್ಲು ತುಳಿಯಲ್ಲ," ಎಂದೆ. "ನಿನ್ ಮೇಸ್ತ್ರಿ ಕೈಲೇ ಹಾಲು ಉಕ್ಕಿಸ್ಕೋ ಹೋಗು."

ಅವನ ಮುಖ ಸಪ್ಪಗಾಯಿತು. "ಒಂದು ಮೂಗಿಗೋಸ್ಕರ ತಮ್ಮನ ಗೃಹಪ್ರವೇಶ ಬಿಡ್ತೀಯಾ?"

"ಉಸಿರಾಡೋದು ಅದ್ರಲ್ಲೇ ಕಣೋ!"

ಅವನು ಹಿತ್ತಲಿಗೆ ನಡೆದ. ಬಲೆ ಕಟ್ಟಲು ಮೇಸ್ತ್ರಿಯನ್ನು ಒಮ್ಮೆ ಕೂಗಿದ. ಎರಡನೆಯ ಸಲ ಕೂಗಲು ಬಾಯಿ ತೆರೆದವನಿಗೆ ಕೆಮ್ಮು ಹತ್ತಿಕೊಂಡಿತು.