ಜಗಲಿಯಲ್ಲಿ ಉಳಿದ ಒಂದು ಜೋಡಿ

ಬೆಳಕು ಹರಿಯುವ ಹೊತ್ತು. ಶಿಖರದ ಬುಡದಲ್ಲಿರುವ ತಗಡಿನ ಮಾಡಿನ ಮನೆಯಿಂದ ಹೊರಬಂದ ಹೆಂಗಸು ಮೊದಲು ಜಗಲಿ ನೋಡುತ್ತಾರೆ. ನಿನ್ನೆ ಸಂಜೆ ಉಳಿದಿದ್ದ ಕಂದು ಶೂ ಇನ್ನೂ ಅಲ್ಲೇ ಇದೆ. ಅದರ ಮೇಲೆ ಇಬ್ಬನಿ ಕೂತಿದೆ.

ಈ ಶಿಖರ ಹೊಸಬರಿಗಲ್ಲ. ನೆಟ್ಟಗೆ ನಿಂತ ಬಂಡೆ, ಎರಡೂ ಕಡೆ ಪಾತಾಳ, ಗಾಳಿಗೆ ಮರೆಯೆಂಬುದೇ ಇಲ್ಲ. ಪಳಗಿದವರಷ್ಟೇ ಬರುತ್ತಾರೆ. ನಡೆದು ಬಂದ ಶೂ ಇಲ್ಲಿ ಬಿಟ್ಟು, ಬಂಡೆಗೆಂದೇ ಇರುವ ಬಿಗಿ ಶೂ ತೊಟ್ಟು ಹತ್ತುತ್ತಾರೆ. ಬಿಟ್ಟದ್ದನ್ನು ಕಾಯುವುದು, ಇಳಿದವರಿಗೆ ಚಹಾ ಕೊಡುವುದು ಈ ಹೆಂಗಸಿನ ಕೆಲಸ. ಯಾರು ಇಳಿದರು, ಯಾರು ಇಳಿಯಲಿಲ್ಲ ಎಂಬುದಕ್ಕೆ ಜಗಲಿಯ ಶೂ ಬಿಟ್ಟರೆ ಬೇರೆ ಲೆಕ್ಕವಿಲ್ಲ. ಹತ್ತುವವರ ಬಾಯಲ್ಲಿ ಇವರು ಚಪ್ಪಲಿ ಅಕ್ಕ.

ಗಂಡ ಹಗ್ಗ ಹಿಡಿದು ದಾರಿ ತೋರುತ್ತಿದ್ದವರು. ಈ ಬಂಡೆಯಲ್ಲೇ ಹೋದರು. ಅವರ ಬೂಟು ಎಲ್ಲಿ ಎಂದರೆ, "ರಕ್ಷಣಾ ತಂಡದವನೊಬ್ಬನಿಗೆ ಅಳತೆ ಸರಿಹೋಯ್ತು, ಕೊಟ್ಟೆ. ಸುಮ್ನೆ ಇಟ್ಕೊಂಡು ಏನ್ಮಾಡ್ಲಿ" ಎನ್ನುತ್ತಾರೆ.

ಈಗ ಕೈಯಲ್ಲಿ ಫೋನಿದೆ. ಬೆರಳು ಹಿಂದೆಮುಂದೆ ನೋಡುತ್ತದೆ. ಹೋದ ವರ್ಷವೂ ಹೀಗೇ ಒಂದು ಜೋಡಿ ಉಳಿದಿದ್ದಕ್ಕೆ ತಂಡವನ್ನು ಕರೆಸಿದ್ದರು. ಬಿರುಗಾಳಿಯಲ್ಲಿ ಹತ್ತಿದವರಲ್ಲಿ ಒಬ್ಬನ ಕೈ ಮುರಿಯಿತು. ಶೂ ಬಿಟ್ಟ ಪುಣ್ಯಾತ್ಮ ಆಚೆ ಬದಿಯಿಂದ ಇಳಿದುಹೋಗಿ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ.

ಇವತ್ತೂ ಗಾಳಿ ಜೋರಾಗಿದೆ. ಇವರು ನಂಬರು ಒತ್ತುತ್ತಾರೆ.

"ಮತ್ತೆ ಚಪ್ಪಲಿ ಪುರಾಣನಾ, ಅಕ್ಕ?" ತಂಡದ ಹಿರಿಯನ ದನಿ.

"ಹೂಂ ಕಣಪ್ಪ. ಈ ಸಲಾನೂ ತಪ್ಪಾಗಿದ್ರೆ ಬಂದು ಬೈದು ಹೋಗು. ಮೊದ್ಲು ಹತ್ತಿ ನೋಡು."

ಆ ಕಡೆ ಹಗ್ಗ ಎತ್ತಿಕೊಳ್ಳುವ ಸದ್ದು. "ಬೈಯೋಕೆ ಅಷ್ಟು ದೂರ ಯಾರು ಬರ್ತಾರೆ. ಚಹಾಕ್ಕಿಡು, ಹೊರಟ್ವಿ."

ಅವರು ಹತ್ತಿದ ಮೇಲೆ ಇವರಿಗೆ ಯಾವ ಕೆಲಸಕ್ಕೂ ಕೈ ಏಳುವುದಿಲ್ಲ. ಒಲೆಯ ಮೇಲಿನ ನೀರು ಕುದ್ದು ಕುದ್ದು ಬತ್ತುತ್ತದೆ, ಮತ್ತೆ ಸುರಿಯುತ್ತಾರೆ.

ಮಧ್ಯಾಹ್ನ ಸ್ಟ್ರೆಚರು ಇಳಿಯುತ್ತದೆ. ಅದರಲ್ಲಿ, ನಡುಬಂಡೆಯ ಹೊರಚಾಚಿದ ಕಲ್ಲಿನ ಮೇಲೆ ಕಾಲು ಮುರಿದುಕೊಂಡು, ಕೂಗಿ ಕೂಗಿ ಗಂಟಲು ಕಟ್ಟಿದವನು. ಜೀವವಿದೆ. ಇವರು ಚಮಚದಲ್ಲಿ ಚಹಾ ಕುಡಿಸುತ್ತಾರೆ.

"ಮನೇಲಿ ಯಾರಿಗೂ ಹೇಳಿ ಬಂದಿರ್ಲಿಲ್ಲ, ಅಕ್ಕ."

"ಆಯ್ತು. ಮಾತಾಡ್ಬೇಡ, ಕುಡಿ."

ಶೂಗಳ ಲೇಸು ಗಂಟು ಹಾಕಿ ಅವನ ಪಕ್ಕ ಇಡುತ್ತಾರೆ. ತಂಡದವರು ಅವನನ್ನು ಹೊತ್ತು ಇಳಿದುಹೋಗುತ್ತಾರೆ. ಹಿರಿಯ ಬೈಯುವುದಿಲ್ಲ, ಲೋಟ ತೊಳೆದಿಟ್ಟು ಹೋಗುತ್ತಾನೆ.

ನಿಮಗೆ ಇನ್ನೇನು ಬೇಕು ಎಂದು ಯಾರಾದರೂ ಕೇಳಿದರೆ ಇವರು ಜಗಲಿ ಗುಡಿಸುತ್ತಲೇ ಹೇಳುತ್ತಾರೆ.

"ಸಂಜೆ ಹೊತ್ತಿಗೆ ಜಗಲಿ ಖಾಲಿಯಾದ್ರೆ ಸಾಕು. ಖಾಲಿಯಾದ್ಮೇಲೆ ನಾನೊಬ್ಳೇ ಅಂತ ಒಂಥರಾ ಆಗುತ್ತೆ. ಅದು ಬೇರೆ ವಿಷಯ."