ಸಮುದ್ರಕ್ಕೆ ಉಟ್ಟ ಸೀರೆ

ಬೂದಿಕೋಟೆ ಪಕ್ಕದ ಹಳ್ಳಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮುತ್ಯಾಲಮ್ಮ ತಮ್ಮ ಸೀರೆಯ ಮೇಲೆ ಪಕ್ಕದ ಮನೆ ಸುಕನ್ಯರ ಹಳೇ ಸೀರೆ ಸುತ್ತಿಕೊಂಡು ಸುಕನ್ಯರದೇ ಕೊಟ್ಟಿಗೆಗೆ ನುಗ್ಗುತ್ತಾರೆ. ಮನೆಯೊಡತಿ ತಂಗಿಯ ಬಾಣಂತನಕ್ಕೆ ಬಂಗಾರಪೇಟೆಗೆ ಹೋಗಿದ್ದಾರೆ. ಹಸು ಸೆರಗು ಮೂಸುತ್ತದೆ, ಗಳಿಗೆ ಹೊತ್ತು ಯೋಚಿಸುತ್ತದೆ, ಆಮೇಲೆ ತೆಪ್ಪಗೆ ನಿಲ್ಲುತ್ತದೆ. ಬಕೆಟ್ಟಿನಲ್ಲಿ ಚೊರ್ರ್ ಚೊರ್ರ್ ಶುರು!

"ಮಕ ಯಾರ್ ನೋಡ್ತಾರೆ ಸ್ವಾಮಿ? ಅದ್ಕೆ ಒಡತಿ ವಾಸ್ನೆ ಬೇಕು, ಅಷ್ಟೇಯ," ಎಂದು ನನ್ನತ್ತ ತಿರುಗಿ ನಗುತ್ತಾರೆ.

ಊರಿನ ಹೆಂಗಸರು ಮದುವೆಗೋ ಆಸ್ಪತ್ರೆಗೋ ಹೊರಟರೆ ಅವರ ಹಸು ಕರೆಯುವುದೇ ಇವರ ಕೆಲಸ. ಮನೆಯ ಹಗ್ಗದ ಮೇಲೆ ಊರವರ ಸೀರೆಗಳೇ ನೇತಾಡುತ್ತಿವೆ. ಊರಿಗೆ ಊರೇ ತಿರುಪತಿ, ಧರ್ಮಸ್ಥಳ ಸುತ್ತಿ ಬಂದರೂ ಇವರು ಮಾತ್ರ ಎಲ್ಲರ ಕೊಟ್ಟಿಗೆ ಕಾಯುತ್ತ ಉಳಿದರು. ತವರು ಉರಿಗಾಂ. ಅಪ್ಪ ಚಿನ್ನದ ಗಣಿಗೆ ಇಳಿದವರು.

"ನಮ್ಮಪ್ಪ ಪಾತಾಳಾನೇ ನೋಡ್ಬಿಟ್ಟ. ನಾನು ಸಮುದ್ರ ನೋಡ್ದೆ ಸಾಯ್ತೀನಲ್ಲ ಅಂತ ಒಟ್ಟೆ ಉರೀತಿತ್ತು," ಎನ್ನುತ್ತಾರೆ.

ಅಡ್ಡಿಯಾಗಿದ್ದುದು ಇವರ ಸ್ವಂತ ಹಸು ಗಂಗಿ. ಮಹಾ ಬಿಗುಮಾನದವಳು, ಬೇರೆ ಕೈ ಸೋಕಿದರೆ ಒದ್ದೇಬಿಡುತ್ತಾಳೆ. ಹಾಗಂತ ಕರೆಯದೆ ಬಿಟ್ಟರೆ ಕೆಚ್ಚಲು ಬಾತು ಹಸುವಿನ ಜೀವಕ್ಕೇ ಸಂಕಟ. ಊರವರ ಹಸುಗಳಿಗೆಲ್ಲ ಇವರಿದ್ದಾರೆ, ಇವರ ಹಸುವಿಗೆ ಯಾರು?

ಈ ವರ್ಷ ಹಾಲಿನ ಸಂಘದ ಹೆಂಗಸರು ಮಲ್ಪೆಗೆ ಬಸ್ಸು ಗೊತ್ತುಮಾಡಿದರು. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ. ಸುಕನ್ಯ ಸೊಂಟಕ್ಕೆ ಕೈಯಿಟ್ಟು ನಿಂತರಂತೆ: "ಅಕ್ಕಾ, ನೀನ್ ಅತ್ತದಿದ್ರೆ ಬಸ್ಸೇ ಓಗಲ್ಲ. ಈ ಸಲ ಗಂಡಸ್ರು ಸೀರೆ ಉಟ್ಕೊಂಡು ಕರೀಲಿ!"

ಅಯ್ಯೋ, ಆ ಪಡಿಪಾಟಲು ಕೇಳಬೇಡಿ! ಮುತ್ಯಾಲಮ್ಮನ ಯಜಮಾನರು ಮುನಿನಾರಾಯಣಪ್ಪ ಕಲಿಕೆಯ ಮೊದಲ ದಿನವೇ ಎಡವಟ್ಟು ಮಾಡಿಕೊಂಡರು. ಹೆಂಡತಿಯ ಸೀರೆಯನ್ನು ಸೋಪು ಹಾಕಿ ಒಗೆದು, ಒಣಗಿಸಿ, ಉಟ್ಟುಕೊಂಡು ಹೋದರು. ಗಂಗಿ ಒಂದೇ ಒದೆಗೆ ಬಕೆಟ್ಟು ಗೋಡೆಗೆ ಕಳಿಸಿದಳು.

"ಕೊಳೆ ಸೀರೆ ಉಟ್ರೆ ನೋಡ್ದೋರ್ ಏನಂತಾರೆ ಅಂತ ಒಗ್ದೆ," ಎಂದು ಮುನಿನಾರಾಯಣಪ್ಪ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ.

"ಸೀರೆ ಉಟ್ಟಿದ್ಕೆ ನಾಚ್ಕೆ ಇಲ್ಲ, ಕೊಳೆಗೆ ನಾಚ್ಕೆ!" ಎಂದು ಹೆಂಡತಿ ರೇಗಿಸುತ್ತಾರೆ. ಹೊರಡುವ ದಿನ ಆಗಷ್ಟೇ ಬಿಚ್ಚಿದ ಸೀರೆಯನ್ನು ಯಜಮಾನರ ಕೈಗಿಟ್ಟು ಬಸ್ಸು ಹತ್ತಿದರು.

ಮಲ್ಪೆಯ ಬೆಳಗನ್ನು ಮುತ್ಯಾಲಮ್ಮ ಎದ್ದು ನಿಂತೇ ಹೇಳುತ್ತಾರೆ. ದೋಣಿ ಗುಡುಗುಡು ಅನ್ನುತ್ತಿದೆ. ಎಲ್ಲರೂ ಏರಿ ಕೂತಾಗಿದೆ. ಇವರೊಬ್ಬರು ದಡದಲ್ಲಿ, ಕಿವಿಗೆ ಫೋನು. "ಗಂಗಿ ಆಲು ಬಿಡ್ದೆ ನಾನ್ ಕಾಲಿಡಲ್ಲ ಅಂದೆ. ದೋಣಿಯವ್ನು ಬೈತಾನೆ, ಇವ್ರು ಫೋನ್ ಎತ್ತಲ್ಲ."

ಕಡೆಗೆ ಅತ್ತಲಿಂದ ಕೂಗು ಬಂತು: "ಬಿಟ್ಲು ಕಣೇ! ಬಕೆಟ್ ತುಂಬ ಬಿಟ್ಲು! ಓಗು, ನೋಡ್ಕೊಂಡು ಬಾ!"

ದೋಣಿ ತುಂಬ ಹೆಂಗಸರ ಕೇಕೆ. ದ್ವೀಪದಲ್ಲಿ ಕಂಬ ನಿಲ್ಲಿಸಿದ ಹಾಗೆ ಸಾಲಾಗಿ ಎದ್ದ ಕಪ್ಪು ಬಂಡೆಗಳು, ಅವಕ್ಕೆ ಬಂದು ಬಡಿಯುವ ಅಲೆ. ಮುತ್ಯಾಲಮ್ಮ ಯಾರ ಮಾತೂ ಕೇಳದೆ ಮೊಣಕಾಲುದ್ದ ನೀರಿಗಿಳಿದು ನಿಂತರು. ದೊಡ್ಡದೊಂದು ಅಲೆ ನೆತ್ತಿಯವರೆಗೆ ತೋಯಿಸಿತು. "ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಎಲ್ಡೂ ಉಪ್ಪೇಯ."

ಈಗ ಊರಿನ ಎಷ್ಟೋ ಗಂಡಸರಿಗೆ ಹಸು ಕರೆಯಲು ಬರುತ್ತದೆ; ಬಾರದವರ ಮನೆಗೆ ಮಾತ್ರ ಮುತ್ಯಾಲಮ್ಮ ಹೋಗುತ್ತಾರೆ. ಹೆಂಗಸರು ನಿರಾಳವಾಗಿ ತವರಿಗೆ ಹೋಗಿ ಬರುತ್ತಾರೆ. ಮುಂದಿನ ಆಸೆ ಏನೆಂದು ಕೇಳಿದೆ.

"ಇವ್ರಿಗೊಂದ್ ಸಲ ಸಮುದ್ರ ತೋರಿಸ್ಬೇಕು. ಇಲ್ಲಿ ಗಂಗಿಗೆ ನಾನಿರ್ತೀನಿ."

ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಒಂದು ನೀಲಿ ಸೀರೆ ತಂದು ನನ್ನ ಮೂಗಿನ ಹತ್ತಿರ ಹಿಡಿದರು. ಉಪ್ಪುಗಾಳಿಯ ವಾಸನೆ ಇನ್ನೂ ಇದೆ.

"ಅವತ್ತು ಉಟ್ಟಿದ್ದು," ಅಂದರು. "ಒಗ್ದಿಲ್ಲ."